ಹಾವಿನ ಪೆಟ್ಟಿಗೆ: ಶುಚಿತ್ವ ಮತ್ತು ಸುರಕ್ಷತೆ

ಸಾಕುಪ್ರಾಣಿ ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುವು ನಾಯಿ, ಬೆಕ್ಕು, ಗಿಳಿಗಳು. ಆದರೆ ಅಮೆರಿಕದಲ್ಲಿಯೂ ಇಂಗ್ಲೆಂಡಿನಲ್ಲಿಯೂ ಹಾವನ್ನು ಸಾಕುವವರು ಅನೇಕರಿದ್ದಾರೆ. ಅವರು ಹೆಚ್ಚಾಗಿ ಆರಿಸಿಕೊಳ್ಳುವ ಹಾವುಗಳಲ್ಲಿ ಒಂದು, ಅಮೆರಿಕದ ಆಗ್ನೇಯ ಪ್ರಾಂತದ ‘ಕಾರ್ನ್ ಸ್ನೇಕ್’, ಅಂದರೆ ಜೋಳದ ಹಾವು. ವಿಷವಿಲ್ಲದ ಈ ಹಾವು ಇಲಿಗಳನ್ನು ತಿಂದು ಬದುಕುತ್ತದೆ. ಬೆಳೆದಾಗ 3ರಿಂದ 5 ಅಡಿ ಉದ್ದವಿರುತ್ತದೆ. ಇದಕ್ಕಾಗಿ ಎಷ್ಟೋ ಮಂದಿ ಪ್ಲೈವುಡ್ ಹಲಗೆಯಿಂದ ತಾವೇ ಪೆಟ್ಟಿಗೆ ಮಾಡಿಕೊಳ್ಳುತ್ತಾರೆ. ಅದು ಹೇಗಿರಬೇಕೆಂಬುದನ್ನು ಹಾವಿನ ದೇಹಧರ್ಮವೇ ನಿರ್ಧರಿಸುತ್ತದೆ.

ಹಾವು ಶೀತರಕ್ತ ಪ್ರಾಣಿ. ನಮ್ಮಂತೆ ಮೈಯೊಳಗೆ ಶಾಖವನ್ನು ಉತ್ಪಾದಿಸಿಕೊಂಡು ಬೆಚ್ಚಗಿರಲು ಅದಕ್ಕೆ ಸಾಧ್ಯವಿಲ್ಲ. ಕಾಡಿನಲ್ಲಾದರೆ ಬಿಸಿಲಿಗೂ ನೆರಳಿಗೂ ಸರಿದಾಡಿ ಮೈಯ ಉಷ್ಣತೆಯನ್ನು ಸರಿದೂಗಿಸಿಕೊಳ್ಳುತ್ತದೆ. ಪೆಟ್ಟಿಗೆಯಲ್ಲಿ ಈ ಅನುಕೂಲವನ್ನು ನಾವೇ ಒದಗಿಸಬೇಕು. ಒಂದು ತುದಿಯಲ್ಲಿ ಸುಮಾರು 30 ಡಿಗ್ರಿ, ಇನ್ನೊಂದು ತುದಿಯಲ್ಲಿ ಸುಮಾರು 24 ಡಿಗ್ರಿ ಸೆಂಟಿಗ್ರೇಡ್ ಇದ್ದರೆ ಸಾಕು. ಶಾಖ ಸಾಲದೆ ಹೋದರೆ ನುಂಗಿದ ಇಲಿ ಜೀರ್ಣವಾಗುವುದಿಲ್ಲ. ಅತಿಯಾದರೆ ಅಪಾಯ ಇನ್ನೂ ಹೆಚ್ಚು: ಹೊಟ್ಟೆಯಡಿಯ ನೆಲ ಸುಡುತ್ತಿದ್ದರೂ ಹಾವು ಎಷ್ಟೋ ವೇಳೆ ಅಲ್ಲಿಂದ ಸರಿಯದೆ ಚರ್ಮವನ್ನು ಸುಟ್ಟುಕೊಳ್ಳುತ್ತದೆ. ಆದುದರಿಂದ ಶಾಖವನ್ನು ಹತೋಟಿಯಲ್ಲಿಡುವ ಥರ್ಮೊಸ್ಟಾಟ್ ಬೇಕೇಬೇಕು. ವಿದ್ಯುದ್ದೀಪಕ್ಕೆ ತಂತಿಬಲೆಯ ಕವಚವಿರಬೇಕು. ತಲೆ ತೂರುವ ಕಂಡಿಯಲ್ಲಿ ಮೈಯೂ ತೂರೀತು. ಗಾಳಿಯ ರಂಧ್ರಗಳು ಕಿರಿದಾಗಿರಲಿ, ಬಾಗಿಲಿಗೆ ಬೀಗವಿರಲಿ.

ಕಾಡಿನ ಹಾವು ತನ್ನ ಮಲವನ್ನು ಬಿಟ್ಟು ಮುಂದೆ ಸಾಗುತ್ತದೆ. ಪೆಟ್ಟಿಗೆಯ ಹಾವು ಅದರ ಮೇಲೆಯೇ ಮಲಗಬೇಕಾಗುತ್ತದೆ. ಹಾಸು ಕೊಳೆತು ಒದ್ದೆಯಾಗಿದ್ದರೆ ಹೊಟ್ಟೆಯ ಹುರುಪೆಗಳ ಮೇಲೆ ಗುಳ್ಳೆಗಳೆದ್ದು ಹುಣ್ಣಾಗುತ್ತವೆ. ಬರಿಯ ಹಲಗೆ ಹೊಲಸನ್ನು ಹೀರಿಕೊಳ್ಳುವುದರಿಂದ ಒಳಮೈಗೆ ವಾರ್ನಿಷ್ ಬಳಿದು, ವಾಸನೆ ಪೂರ್ತಿಯಾಗಿ ಹೋಗುವವರೆಗೆ ಒಣಗಿಸಬೇಕು. ಸಂದುಗಳನ್ನೂ ಮುಚ್ಚಬೇಕು, ಹಾವಿನ ರಕ್ತ ಹೀರುವ ನುಸಿಗಳು ಅಡಗುವುದು ಅಲ್ಲಿಯೇ. ಹಾಸಿಗೆ ಆಸ್ಪೆನ್ ಮರದ ಸಿಪ್ಪೆ ಒಳ್ಳೆಯದು. ಸೀಡರ್ ಮರದ ಸಿಪ್ಪೆ ಸಲ್ಲದು, ಅದರ ಸುಗಂಧತೈಲ ಹಾವಿಗೆ ಹಾನಿಕರ.

ಮಲವನ್ನು ಕಂಡಕೂಡಲೆ ತೆಗೆಯಬೇಕು. ನೀರನ್ನು ದಿನವೂ ಬದಲಾಯಿಸಬೇಕು. ಆಗಾಗ ಹಾಸನ್ನೆಲ್ಲ ಹೊರಹಾಕಿ, ಹಾವನ್ನು ಬೇರೆಡೆ ಇರಿಸಿ, ಪೆಟ್ಟಿಗೆಯನ್ನು ಮೊದಲು ಸಾಬೂನು ನೀರಿನಿಂದ ಉಜ್ಜಿ ತೊಳೆಯಬೇಕು. ಈ ಕ್ರಮಕ್ಕೆ ಕಾರಣವುಂಟು: ಕೊಳೆ ಉಳಿದಿದ್ದರೆ ಕ್ಲೋರಿನ್ನಿನ ಶಕ್ತಿ ಅದರಲ್ಲಿಯೇ ವ್ಯಯವಾಗಿ ರೋಗಾಣುಗಳು ಉಳಿದುಬಿಡುತ್ತವೆ. ಅನಂತರ 1 ಪಾಲು ಬ್ಲೀಚ್ ದ್ರಾವಣಕ್ಕೆ 9 ಪಾಲು ನೀರು ಬೆರೆಸಿ ಸವರಿ, 10 ನಿಮಿಷ ಬಿಟ್ಟು, ಚೆನ್ನಾಗಿ ತೊಳೆದು ಒಣಗಿಸಬೇಕು. ಫಿನೈಲನ್ನು ಮಾತ್ರ ಬಳಸಬಾರದು. ಅದು ಹಾವಿಗೆ ವಿಷ.

ಈ ಶುಚಿತ್ವ ಮನೆಯವರ ರಕ್ಷಣೆಗೂ ಅಗತ್ಯ. ಆರೋಗ್ಯವಾಗಿ ಕಾಣುವ ಸರೀಸೃಪದ ಕರುಳಿನಲ್ಲಿಯೂ ಸಾಲ್ಮೊನೆಲ್ಲ ಎಂಬ ಬ್ಯಾಕ್ಟೀರಿಯ ಇರಬಹುದು. ಅದು ನಮ್ಮಲ್ಲಿ ಜ್ವರವನ್ನೂ ಭೇದಿಯನ್ನೂ ತರುತ್ತದೆ. ಈ ಕಾರಣದಿಂದಲೇ 4 ಅಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಗಳನ್ನು ಸಾಕಲು ಮಾರುವುದನ್ನು ಅಮೆರಿಕದ ಸರ್ಕಾರ 1975ರಲ್ಲಿ ನಿಷೇಧಿಸಿತು. ಹಾವನ್ನು ಮುಟ್ಟಿದವರು ಸಾಬೂನಿನಿಂದ ಕೈ ತೊಳೆಯಬೇಕು. ಅದರ ಪಾತ್ರೆಗಳನ್ನು ಅಡುಗೆಮನೆಗೆ ತರಬಾರದು. 5 ವರ್ಷದೊಳಗಿನ ಮಕ್ಕಳನ್ನು ದೂರವಿಡಬೇಕು.

ನಮ್ಮ ದೇಶದ ನಾಗರ, ಕೇರೆ, ಹೆಬ್ಬಾವುಗಳನ್ನು ಹಿಡಿದು ಮನೆಯಲ್ಲಿಡಲು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅವಕಾಶ ಕೊಡುವುದಿಲ್ಲ. ಪೆಟ್ಟಿಗೆಯಲ್ಲಿ ನಾವು ಇಷ್ಟೆಲ್ಲ ಶ್ರಮದಿಂದ ಒದಗಿಸಬೇಕಾದ ಬಿಸಿಲು, ನೆರಳು, ಒಣನೆಲಗಳು ಹೊಲದ ಬದುವಿನ ಕೇರೆಹಾವಿಗೆ ತಾವಾಗಿಯೇ ದೊರೆಯುತ್ತವೆ.