ವೇದಿಕೆಗೆ ಬೆನ್ನು ಮಾಡಿದ ಪಿಯಾನೋ ವಾದಕ

ಹೆಸರು ಉತ್ತುಂಗದಲ್ಲಿದೆ, ಸಭಾಂಗಣ ಭರ್ತಿ.
ಅಂಥ ಹೊತ್ತಲ್ಲಿ, 31ನೇ ವಯಸ್ಸಿಗೇ ಯಾರಾದರೂ ಸಂಗೀತ ಕಚೇರಿ ಕೊಡೋದು ನಿಲ್ಲಿಸ್ತಾರಾ?

ಗ್ಲೆನ್ ಗೂಲ್ಡ್ ನಿಲ್ಲಿಸಿದರು.

ಹುಟ್ಟಿದ್ದು 1932ರಲ್ಲಿ, ಕೆನಡಾದ ಟೊರೊಂಟೊದಲ್ಲಿ.
ಮೊದಲ ಗುರು ಅಮ್ಮ.
ಅಪ್ಪ ಮಾಡಿಕೊಟ್ಟ ಕುಳ್ಳ ಕುರ್ಚಿಯನ್ನು ಹೋದಲ್ಲೆಲ್ಲ ಹೊತ್ತೊಯ್ದರು.
ನುಡಿಸುತ್ತಲೇ ಗುನುಗುತ್ತಿದ್ದರು.
ರೆಕಾರ್ಡುಗಳಲ್ಲಿ ಆ ದನಿ ಇವತ್ತಿಗೂ ಕೇಳಿಸುತ್ತೆ, ಕಿವಿಗೊಡಿ!

1955ರಲ್ಲಿ ಸಂಯೋಜಕ ಬಾಖ್‌ನ ‘ಗೋಲ್ಡ್‌ಬರ್ಗ್ ವೇರಿಯೇಷನ್ಸ್’ ಕೃತಿಯನ್ನು ಧ್ವನಿಮುದ್ರಿಸಿದರು.
ಆ ವೇಗ, ಆ ಸ್ಪಷ್ಟತೆ!
ಜಗತ್ತು ತಲೆದೂಗಿತು.

ಆದರೆ 1964ರ ಲಾಸ್ ಏಂಜಲೀಸ್ ಕಚೇರಿಯೇ ಕೊನೆ.
ಯಾಕೆ?
ಜನರ ಮುಂದೆ ಸಿಗೋದು ಒಂದೇ ಅವಕಾಶ.
ಸ್ಟುಡಿಯೋದಲ್ಲಿ ಅದೇ ಕೃತಿಯನ್ನು ಬೇರೆ ಬೇರೆ ಬಗೆಯಲ್ಲಿ ನುಡಿಸಿ ನೋಡಬಹುದು.
ಮಲ್ಲಿಗೆ ಮೊಗ್ಗು ಆರಿಸಿ ಮಾಲೆ ಕಟ್ಟುವ ಹಾಗೆ,
ಚೆಂದದ ತುಣುಕುಗಳನ್ನು ಆರಿಸಿ, ಟೇಪಿನಲ್ಲಿ ಜೋಡಿಸುತ್ತಿದ್ದರು.
ಇದನ್ನು ಮೋಸ ಅನ್ನಬೇಡಿ.
ಹಾಗೆ ಆರಿಸೋದಕ್ಕೂ ದೊಡ್ಡ ಸಂಗೀತಗಾರನ ಕಿವಿ ಬೇಕು.

1977ರಲ್ಲಿ ಬಾಹ್ಯಾಕಾಶಕ್ಕೆ ಹೊರಟ ವಾಯೇಜರ್ ನೌಕೆಗಳ ಚಿನ್ನದ ಲೇಪದ ಧ್ವನಿಮುದ್ರಿಕೆಯಲ್ಲೂ ಗೂಲ್ಡ್ ನುಡಿಸಿದ ಬಾಖ್ ಇದೆ.

1981ರಲ್ಲಿ ‘ಗೋಲ್ಡ್‌ಬರ್ಗ್’ ಅನ್ನು ಮತ್ತೆ ಮುದ್ರಿಸಿದರು.
ಮೊದಲ ಸಲ 38 ನಿಮಿಷ,
ಈ ಸಲ 51.
ಮರುವರ್ಷ, 50ನೇ ವಯಸ್ಸಿನಲ್ಲಿ ತೀರಿಕೊಂಡರು.
ಎರಡು ಮುದ್ರಿಕೆಗಳೂ ಸಿಗುತ್ತವೆ, ಒಂದರ ಹಿಂದೊಂದು ಕೇಳಿ.