ಪರಸಿ ಮೇಲಿನ ಹೆಸರು

ನಮ್ಮ ಕಡೆ ಗುಡಿಗೆ ಪರಸಿ ಹಾಸುವಾಗ ಒಂದು ರೂಢಿ ಇದೆ. ಇಡೀ ನೆಲದ ಖರ್ಚು ಒಬ್ಬರಿಂದ ಆಗುವಂಥದ್ದಲ್ಲ. ಹಿರಿಯರು ಕೂತು ಕಲ್ಲಿಗೆ ಇಷ್ಟು ಎಂದು ಪಟ್ಟಿ ಹಚ್ಚುತ್ತಾರೆ, ಕೊಟ್ಟವರ ಹೆಸರನ್ನು ಆ ಕಲ್ಲಿನ ಮೇಲೆಯೇ ಕೊರೆಸುತ್ತಾರೆ. ಮುದ್ದೇಬಿಹಾಳ, ಬಸವನಬಾಗೇವಾಡಿ, ಸಿಂದಗಿ, ಇಂಡಿ, ಯಾವ ಕಡೆಯ ಹಳ್ಳಿಗೆ ಹೋದರೂ ಹನುಮಪ್ಪನ ಗುಡಿಯಲ್ಲೋ ಮಠದ ಅಂಗಳದಲ್ಲೋ ಇಂಥ ಕಲ್ಲುಗಳು ಕಾಣುತ್ತವೆ. ಶಹಾಬಾದದ್ದೋ ತಾಳಿಕೋಟಿಯದ್ದೋ ಬೂದು ಕಲ್ಲು. ಯಾರ ಸ್ಮರಣಾರ್ಥ, ಯಾರ ಸೇವೆ ಎಂಬ ಎರಡು ಸಾಲು. ಕೆಲವದರ ಮೇಲೆ ಊರು, ಇಸವಿ. ಒತ್ತಕ್ಷರ ಬಿಟ್ಟುಹೋಗಿರುತ್ತದೆ, ದೀರ್ಘ ತಪ್ಪಿರುತ್ತದೆ. ಆದರೂ ಆ ಮನೆತನದ ಮಟ್ಟಿಗೆ ಅದೇ ಶಾಸನ.

ಕಾಲಡಿಯ ಕಲ್ಲಿನ ಮೇಲೆ ಹೆಸರು ಬರೆಸಿದರೆ ತುಳಿದಂತಾಗುವುದಿಲ್ಲವೇ ಎಂದು ಪಟ್ಟಣದವರು ಕೇಳುತ್ತಾರೆ. ನಮ್ಮವರ ಎಣಿಕೆ ಬೇರೆ. ಇಂಡಿ, ಚಡಚಣದ ಕಡೆಯಿಂದ ಆಷಾಢದಲ್ಲಿ ಪಂಢರಪುರಕ್ಕೆ ನಡೆದು ಹೋಗುವವರಿಗೆ ವಿಠ್ಠಲನ ಗುಡಿಯ ಮಹಾದ್ವಾರದ ಮೊದಲ ಪಾವಟಿಗೆ ಗೊತ್ತು. ಅದು ನಾಮದೇವನ ಪಾವಟಿಗೆ. ಸಂತರ ಪಾದಧೂಳಿ ತನ್ನ ಮೇಲೆ ಬೀಳಲಿ ಎಂದು ಅವನು ಅಲ್ಲೇ ಸಮಾಧಿಯಾದ ಎಂಬುದು ವಾರಕರಿಗಳ ನಂಬಿಕೆ. ಎದುರಿಗೇ ಚೋಖಾಮೇಳನ ಸಮಾಧಿ. ಶರಣರನ್ನು ನೆನೆಯುವ ನಮ್ಮ ಮನೆಗಳಲ್ಲೂ ಪಾದಧೂಳಿಗೆ ಅಷ್ಟೇ ಬೆಲೆ. ಅದಕ್ಕೇ ಪರಸಿ ಹಂಚುವಾಗ ಬಾಗಿಲ ಮುಂದಿನ ಕಲ್ಲು ನನಗಿರಲಿ ಎಂದು ಕೇಳಿಕೊಳ್ಳುವವರು ಹೆಚ್ಚು.

ನಾನು ತಂಗಡಗಿ ಸೀಮೆಯವಳು. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದೆ. ನಮ್ಮ ಆಯಿ ಇಂಥದೊಂದು ಕಲ್ಲು ಕೊಡಿಸಿದ್ದಳು, ಮುತ್ಯಾ ತೀರಿದ ಮರುವರ್ಷ, ಎಮ್ಮೆಯ ಮಣಕ ಮಾರಿದ ದುಡ್ಡಿನಲ್ಲಿ. ಆಕೆಗೆ ಓದು ಬರಹ ಇರಲಿಲ್ಲ. ಗುಡಿಗೆ ಹೋದಾಗಲೆಲ್ಲ ಕುಕ್ಕರುಗಾಲಲ್ಲಿ ಕೂತು, "ಇದರಾಗ ನನ್ನ ಹೆಸರು ಯಾವುದವ್ವಾ?" ಎಂದು ನನ್ನನ್ನು ಕೇಳುವಳು. ನಾನು ತೋರಿಸಿದ ಅಕ್ಷರಗಳ ಮೇಲೆ ಬೆರಳಾಡಿಸಿ ಆ ಬೆರಳನ್ನು ಕಣ್ಣಿಗೆ ಒತ್ತಿಕೊಳ್ಳುವಳು. ಹೊಲದ ಉತಾರದಲ್ಲಿ ಆಕೆಯ ಹೆಸರು ಇರಲಿಲ್ಲ. ಅಲ್ಲಿ ಮೊದಲು ಮುತ್ಯಾನ ಹೆಸರು, ಆಮೇಲೆ ಮಕ್ಕಳ ಹೆಸರು. ರೇಷನ್ ಕಾರ್ಡು, ಮತದಾರರ ಪಟ್ಟಿ ಬಿಟ್ಟರೆ ಆಕೆಯ ಹೆಸರು ಬರಹದಲ್ಲಿ ಇದ್ದದ್ದು ಆ ಪರಸಿಯ ಮೇಲೆ ಮಾತ್ರ. ಈ ಕಲ್ಲುಗಳನ್ನು ಓದುತ್ತ ಹೋದರೆ ಇದು ನಮ್ಮೊಂದೇ ಮನೆಯ ಮಾತಲ್ಲ ಎಂದು ತಿಳಿಯುತ್ತದೆ. ಗಂಡನ ಸ್ಮರಣಾರ್ಥ, ಮಗನ ಸ್ಮರಣಾರ್ಥ ಎಂದು ಕೊಟ್ಟ ಹೆಂಗಸರು ಎಷ್ಟೊಂದು! ಊರಿನ ಬೇರಾವ ದಫ್ತರದಲ್ಲೂ ಅವರು ಕೊಡುವವರಾಗಿ ಕಾಣಿಸುವುದಿಲ್ಲ.

ಕೆಲವು ವರ್ಷಗಳ ಹಿಂದೆ ಆ ಗುಡಿಯ ಜೀರ್ಣೋದ್ಧಾರವಾಯಿತು. ಪರಸಿ ಕಿತ್ತು ಇಳಕಲ್ಲಿನ ಗ್ರಾನೈಟ್ ಹಾಸಿದರು. ಕೀಳಬಾರದಿತ್ತು ಎಂದು ನಾನು ಹೇಳುವುದಿಲ್ಲ. ಶಹಾಬಾದ್ ಕಲ್ಲು ಸುಣ್ಣದ ಜಾತಿಯದು, ಮೆತ್ತಗಿನದು. ಜನ ಓಡಾಡುವ ಕಡೆ ಸವೆದು ತಗ್ಗು ಬೀಳುತ್ತದೆ. ಕೆಳಗಿನ ಮಣ್ಣು ಕುಸಿದರೆ ಒಂದು ಕಲ್ಲು ಏಳುತ್ತದೆ, ಇನ್ನೊಂದು ಇಳಿಯುತ್ತದೆ. ಅಭಿಷೇಕದ ನೀರು ನಿಂತು ಪಾಚಿಗಟ್ಟಿದರೆ ವಯಸ್ಸಾದವರು ಜಾರಿ ಬೀಳುತ್ತಾರೆ. ಕಲ್ಲು ಬದಲಿಸಲೇಬೇಕಿತ್ತು. ಆದರೆ ಕಿತ್ತ ಪರಸಿ ಟ್ರ್ಯಾಕ್ಟರ್ ಏರಿ ಹೋದವು. ಕೆಲವು ಬೋರಲಾಗಿ ಗಟಾರದ ಮೇಲೆ ಬಿದ್ದವು, ಕೆಲವು ನಳದ ಹತ್ತಿರ ಬಟ್ಟೆ ಒಗೆಯುವ ಕಲ್ಲಾದವು. ವಿಚಾರಿಸಿದಾಗ ಕಮಿಟಿಯ ಹಿರಿಯರೊಬ್ಬರು ಸೌಜನ್ಯದಿಂದಲೇ ಹೇಳಿದರು: "ಅಕ್ಕೋರ, ಹಳೇ ಪರಸಿ ತೊಗೊಂಡು ಏನ್ ಮಾಡ್ತೀರಿ? ಹೊಸಾ ಬೋರ್ಡಿನಾಗ ನಿಮ್ಮ ಮನಿ ಹೆಸರು ಹಾಕಸ್ತೀವಲ್ರಿ." ಹೊಸ ಬೋರ್ಡು ಹೊಸದಾಗಿ ಕೊಟ್ಟವರದು. ಹಳಬರ ಹೆಸರುಗಳನ್ನು ಯಾರೂ ಒಂದು ವಹಿಯಲ್ಲಿ ಸಹ ಬರೆದಿಟ್ಟುಕೊಂಡಿರಲಿಲ್ಲ. ಆಯಿಯ ಕಲ್ಲು ನನಗೆ ಸಿಗಲಿಲ್ಲ.

ಇದು ಹಳ್ಳಿಯ ಗುಡಿಗಳಲ್ಲಿ ಮಾತ್ರ ನಡೆಯುವ ಸಂಗತಿ ಎಂದುಕೊಳ್ಳಬೇಡಿ. ಅಮೆರಿಕದ ಫ್ಲೋರಿಡಾದಲ್ಲಿರುವ ವಾಲ್ಟ್ ಡಿಸ್ನಿ ವರ್ಲ್ಡ್ ಎಂಬ ದೊಡ್ಡ ಥೀಮ್ ಪಾರ್ಕಿನಲ್ಲಿ 1994ರಿಂದ ಹೆಸರು ಕೆತ್ತಿದ ಇಟ್ಟಿಗೆಗಳನ್ನು ಮಾರಿದರು. ನೂರು ಡಾಲರಿನ ಆಸುಪಾಸು ಕೊಟ್ಟರೆ ಪಾರ್ಕಿನ ಬಾಗಿಲ ಮುಂದಿನ ಹಾದಿಯಲ್ಲಿ ನಿಮ್ಮ ಹೆಸರಿನ ಇಟ್ಟಿಗೆ. ಮಧುಚಂದ್ರಕ್ಕೆ ಬಂದ ಜೋಡಿಗಳು, ಮಗು ಹುಟ್ಟಿದ ಸಂತೋಷಕ್ಕೆ ಕೊಂಡವರು, ತೀರಿಕೊಂಡವರ ನೆನಪಿಗೆ ಕೊಂಡವರು ಹೀಗೆ ಸಾವಿರಾರು ಮನೆಗಳ ಹೆಸರು ಆ ಹಾದಿಯಲ್ಲಿ ಸೇರಿದವು. 2019ರಲ್ಲಿ ಪ್ರವೇಶದ್ವಾರವನ್ನು ಹೊಸದಾಗಿ ಕಟ್ಟುವಾಗ ಆ ಇಟ್ಟಿಗೆಗಳನ್ನು ತೆಗೆದರು. ಮಕ್ಕಳು ಮೊಮ್ಮಕ್ಕಳಿಗೆ ತೋರಿಸಲೆಂದು ಇಟ್ಟುಕೊಂಡಿದ್ದ ಗುರುತು ಹೋಯಿತೆಂದು ಜನ ನೊಂದುಕೊಂಡರು. ಅದೇ ಸಂಸ್ಥೆಯ ಎಪ್ಕಾಟ್ ಪಾರ್ಕಿನಲ್ಲಿ ಇನ್ನೊಂದು ಏರ್ಪಾಡಿತ್ತು. 1999ರಿಂದ 2007ರವರೆಗೆ ಗಿರಾಕಿಗಳ ಮುಖಚಿತ್ರಗಳನ್ನು ಪುಟ್ಟ ಲೋಹದ ಬಿಲ್ಲೆಗಳ ಮೇಲೆ ಮೂಡಿಸಿ ದೊಡ್ಡ ಗ್ರಾನೈಟ್ ಕಲ್ಲುಗಳಿಗೆ ಕೂಡಿಸಿದ್ದರು. 2019ರಲ್ಲಿ ಆ ಕಲ್ಲುಗಳನ್ನೂ ಬಿಚ್ಚಿದರು. ಆದರೆ ಮುಖಚಿತ್ರಗಳನ್ನು ಬಾಗಿಲ ಹೊರಗೆ ಬೇರೆ ಚೌಕಟ್ಟಿನಲ್ಲಿ ಮತ್ತೆ ನಿಲ್ಲಿಸಿದರು. ಮನಸ್ಸು ಮಾಡಿದರೆ ದಾರಿ ಇರುತ್ತದೆ ಎನ್ನುವುದಕ್ಕೆ ಇಷ್ಟು ಸಾಕು.

ನಮ್ಮ ಹಿಂದಿನವರು ಈ ವಿಷಯದಲ್ಲಿ ಎಷ್ಟು ಎಚ್ಚರದಿಂದ ಇದ್ದರು ಎಂಬುದನ್ನು ದಾನಶಾಸನಗಳು ಹೇಳುತ್ತವೆ. ದಾನ ಕೊಟ್ಟವರು ಯಾರು, ತೆಗೆದುಕೊಂಡವರು ಯಾರು, ಹೊಲದ ಎಲ್ಲೆ ಯಾವುದು ಎಂದು ಬರೆದ ಮೇಲೆ ಕೊನೆಗೆ ಶಾಪದ ಭಾಗ ಬರುತ್ತದೆ. ಸೂರ್ಯಚಂದ್ರರಿರುವವರೆಗೆ ಇದು ನಡೆಯಬೇಕು, ಅಳಿಸಿದವರಿಗೆ ವಾರಣಾಸಿಯಲ್ಲಿ ಗೋವು ಕೊಂದ ಪಾಪ ಬರಲಿ ಎಂಬ ಅರ್ಥದ ಮಾತು. ಓದು ಬಾರದವರಿಗೂ ತಿಳಿಯಲೆಂದು ಕಲ್ಲಿನ ತಲೆಯ ಮೇಲೆ ಸೂರ್ಯ, ಚಂದ್ರ, ಹಸು ಕರು, ಲಿಂಗ ಕೊರೆದಿರುತ್ತಾರೆ. ಕೊಟ್ಟವನು ಸತ್ತ ಮೇಲೆ, ಅರಸೊತ್ತಿಗೆ ಬದಲಾದ ಮೇಲೆ ಈ ಕಲ್ಲನ್ನು ಯಾರಾದರೂ ಕೀಳಬಹುದು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಇಂಡಿ ತಾಲೂಕಿನ ಸಾಲೋಟಗಿಯ ಕಂಬದ ಶಾಸನವನ್ನೇ ನೋಡಿ. ಕ್ರಿ.ಶ. 945ರದು, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ್ದು. ಅವನ ಮಂತ್ರಿ ನಾರಾಯಣ ಅಲ್ಲಿ ತ್ರಯೀಪುರುಷರ ಗುಡಿಯಲ್ಲಿ ಶಾಲೆ ಕಟ್ಟಿಸಿದ. ದೂರದ ನಾಡುಗಳಿಂದ ಬಂದ ವಿದ್ಯಾರ್ಥಿಗಳಿಗೆ 27 ವಸತಿಗಳಿದ್ದವು. ಆ ಶಾಸನದಲ್ಲಿ ನನಗೆ ಬಹಳ ಪ್ರೀತಿಯ ಮಾತು ಇನ್ನೊಂದಿದೆ. ಊರವರು ಮದುವೆಗೆ ಇಷ್ಟು, ಮುಂಜಿಗೆ ಇಷ್ಟು, ಚೌಲಕ್ಕೆ ಇಷ್ಟು ಎಂದು ಶಾಲೆಗೆ ಕೊಡಲು ಒಪ್ಪಿದ್ದು ಅದರಲ್ಲಿ ದಾಖಲಾಗಿದೆ. ಮಂತ್ರಿಯ ದಾನದ ಜೊತೆಗೆ ಸಾಮಾನ್ಯ ಮನೆಗಳ ಶುಭಕಾರ್ಯದ ಕಾಣಿಕೆಯೂ ಕಲ್ಲು ಸೇರಿತು. ಆಯಿಯ ಪರಸಿ ಈ ಕಂಬದ ವಂಶದ್ದೇ.

ಇದಕ್ಕಿಂತ ದೊಡ್ಡ ಉದಾಹರಣೆ ಹುಕ್ಕೇರಿ ತಾಲೂಕಿನ ಅರ್ಜುನವಾಡದ ಶಾಸನ, 1260ರದು. ಬಸವಣ್ಣನವರ ಕಥೆ ನಮಗೆ ಬಹುಪಾಲು ಕಾವ್ಯ, ಪುರಾಣಗಳಿಂದ ಬಂದದ್ದು. ತರ್ದವಾಡಿಯ ಬಾಗೇವಾಡಿ, ಮಾದಿರಾಜ, ಅವನ ಮಗ ಬಸವರಾಜ ಎಂದು ಕಲ್ಲಿನ ಮೇಲೆ ಹೇಳುವ ಆಧಾರವನ್ನು ಇತಿಹಾಸಕಾರರಿಗೆ ಒದಗಿಸಿದ್ದು ಈ ಅರ್ಜುನವಾಡದ ಕಲ್ಲು. ಅದು ವೀರಗಾಥೆಯ ಕಲ್ಲಲ್ಲ, ದಾನಕ್ಕೆ ಹಾಕಿಸಿದ ಕಲ್ಲು. ಯಾರೋ ಅದನ್ನು ಒಡೆದು ಪಾಯಕ್ಕೆ ಹಾಕಿದ್ದರೆ ಬಸವಣ್ಣನವರ ಮನೆತನದ ಈ ಸಾಕ್ಷಿ ನಮ್ಮ ಪಾಲಿಗೆ ಇರುತ್ತಲೇ ಇರಲಿಲ್ಲ.

ನಿಂತದ್ದೆಲ್ಲ ಅಳಿಯುತ್ತದೆ ಎಂದು ಬಸವಣ್ಣನವರೇ ಹೇಳಲಿಲ್ಲವೇ ಎಂದು ಕೇಳುವವರು ಇದ್ದಾರೆ. ಹೇಳಿದ್ದಾರೆ. ಅದು ಗುಡಿ ಕಟ್ಟಿಸುವ ಉಳ್ಳವರಿಗೆ ಹೇಳಿದ ಮಾತು. ಮಣಕ ಮಾರಿ ಒಂದು ಕಲ್ಲು ಕೊಟ್ಟ ಮುದುಕಿಯ ಹೆಸರನ್ನು ಗಟಾರಕ್ಕೆ ಹಾಕಲು ಆ ಮಾತನ್ನು ಪರವಾನಗಿ ಮಾಡಿಕೊಳ್ಳುವುದು ಸರಿಯಲ್ಲ.

ತಂಗಡಗಿಯವರಿಗೆ ಇದು ಬೇಗ ಅರ್ಥವಾಗುತ್ತದೆ. ಕಲ್ಯಾಣದ ಕ್ರಾಂತಿಯ ನಂತರ ಕೂಡಲಸಂಗಮಕ್ಕೆ ಹೊರಟ, ಬಸವಣ್ಣನವರ ಮಡದಿ ನೀಲಮ್ಮನವರು ಕೃಷ್ಣೆಯ ಈ ದಂಡೆಗೆ ಬರುವಷ್ಟರಲ್ಲಿ ಬಸವಣ್ಣನವರು ಐಕ್ಯರಾಗಿದ್ದರು. ಕರೆತರಲು ಹೋಗಿದ್ದ ಹಡಪದ ಅಪ್ಪಣ್ಣನವರೂ ನೀಲಮ್ಮನವರೂ ಇಲ್ಲೇ ಐಕ್ಯರಾದರು ಎಂದು ನಾವು ನಂಬಿದ್ದೇವೆ. ನಾರಾಯಣಪುರದ ಬಸವಸಾಗರ 1982ರಲ್ಲಿ ಮುಗಿದು ಹಿನ್ನೀರು ಏರಿದಾಗ ಕೂಡಲಸಂಗಮದ ಐಕ್ಯಮಂಟಪವನ್ನೂ ನಮ್ಮ ನೀಲಮ್ಮನವರ ಮಂಟಪವನ್ನೂ ನೀರಿಗೆ ಬಿಟ್ಟುಕೊಡಲಿಲ್ಲ. ಸುತ್ತ ಬಾವಿಯಂತೆ ಗೋಡೆ ಎತ್ತಿ ಕಾಯ್ದುಕೊಂಡರು. ಇದೇ ನದಿಯ ಕೆಳಗೆ, ಕೃಷ್ಣೆ ತುಂಗಭದ್ರೆ ಕೂಡುವಲ್ಲಿದ್ದ ಕೂಡವೆಲ್ಲಿಯ ಸಂಗಮೇಶ್ವರ ಗುಡಿಯನ್ನು ಶ್ರೀಶೈಲ ಜಲಾಶಯದಲ್ಲಿ ಮುಳುಗಲು ಬಿಡದೆ ಬಿಚ್ಚಿ ಆಲಂಪುರದಲ್ಲಿ ಮತ್ತೆ ಕಟ್ಟಿದರು. ಆಲಮಟ್ಟಿಯ ನೀರು ಬಂದಾಗ ಮಾತ್ರ ಎಷ್ಟೋ ಊರಿನ ಜನ ದೇವರನ್ನು ಹೊತ್ತುಕೊಂಡು ಪುನರ್ವಸತಿ ಕೇಂದ್ರಕ್ಕೆ ಬಂದರು, ಪಾವಟಿಗೆ ಪರಸಿಗಳು ಅಲ್ಲೇ ಉಳಿದವು. ಮನೆ ಬಿಡುವ ಗಡಿಬಿಡಿಯಲ್ಲಿದ್ದ ಅವರನ್ನು ನಾನು ದೂರಲಾರೆ. ಜೀರ್ಣೋದ್ಧಾರಕ್ಕೆ ಅಂಥ ಗಡಿಬಿಡಿ ಇರುವುದಿಲ್ಲ.

ಕಾನೂನು ಇಲ್ಲಿ ಹೆಚ್ಚು ನೆರವಾಗದು. 1972ರ ಪುರಾತನ ವಸ್ತುಗಳ ಕಾಯ್ದೆಯ ಲೆಕ್ಕಕ್ಕೆ ಬರಲು ಶಾಸನಕ್ಕೆ ನೂರು ವರ್ಷ ತುಂಬಿರಬೇಕು. ನಮ್ಮ ಆಯಿ ಮುತ್ಯಾರ ಪರಸಿಗಳು ಆ ಗೆರೆಯ ಈಚೆಗೇ ಒಡೆದುಹೋಗುತ್ತಿವೆ. ನೂರು ತುಂಬಿದ ಕಲ್ಲುಗಳ ಪಾಡೂ ಬಹಳ ಬೇರೆಯಲ್ಲ. ಬಿ.ಎಲ್. ರೈಸ್ 1886ರಿಂದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಅಚ್ಚು ಹಾಕಿಸಿದ ಶಾಸನಗಳಲ್ಲಿ ಬೆಂಗಳೂರು ಸುತ್ತಲಿನ ಅನೇಕ ಕಲ್ಲುಗಳು ಈಗ ಇಲ್ಲ. ಓದಿ ಬರೆದಿಟ್ಟುಕೊಂಡಿದ್ದರಿಂದ ಅವುಗಳ ಮಾತಾದರೂ ಉಳಿಯಿತು. ಉಳಿದ ಕಲ್ಲುಗಳನ್ನು ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಮೂರು ಆಯಾಮದ ಸ್ಕ್ಯಾನ್ ಮಾಡಿ ಇಡುತ್ತಿದ್ದಾರೆ.

ನಮಗೆ ಅಷ್ಟು ದೊಡ್ಡ ಯಂತ್ರ ಬೇಕಿಲ್ಲ. ಕಲ್ಲನ್ನು ನೀರಿನಿಂದ ತೊಳೆದು ಮೆತ್ತಗಿನ ಬ್ರಷ್ಷಿನಿಂದ ಉಜ್ಜಿ, ಸಂಜೆಗತ್ತಲಲ್ಲಿ ಬ್ಯಾಟರಿ ಬೆಳಕನ್ನು ಒಂದು ಬದಿಯಿಂದ ಓರೆಯಾಗಿ ಬಿಟ್ಟರೆ ಸವೆದ ಅಕ್ಷರವೂ ನೆರಳು ಹಿಡಿದು ಏಳುತ್ತದೆ. ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಅಷ್ಟಕ್ಕೂ ಓದಲಾಗದಿದ್ದರೆ ಶಾಸನ ಓದುವವರ ಹಳೆಯ ವಿದ್ಯೆ ಇದೆ. ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ ಬ್ರಷ್ಷಿನಿಂದ ಬಡಿದು ಅಕ್ಷರದ ತಗ್ಗಿಗೆ ಕೂರಿಸಬೇಕು. ಮೇಲೆ ಮಸಿಯ ಒತ್ತು ಕೊಟ್ಟರೆ ಅಕ್ಷರ ಬಿಳಿಯಾಗಿ ಉಳಿಯುತ್ತದೆ. ಹೈಸ್ಕೂಲು ಹುಡುಗರು ಇದನ್ನು ಖುಷಿಯಿಂದ ಕಲಿಯುತ್ತಾರೆ. ಸುಣ್ಣ, ಆಯಿಲ್ ಪೇಂಟು ಹಚ್ಚಿ ಓದಲು ಮಾತ್ರ ಹೋಗಬೇಡಿ. ಅದು ಕಲ್ಲಿಗೂ ಅಕ್ಷರಕ್ಕೂ ಕೇಡು.

ನಿಮ್ಮೂರಿನ ಗುಡಿಗೆ ಜೀರ್ಣೋದ್ಧಾರ ಕಮಿಟಿ ಕೂಡಿದ ದಿನ, ಗ್ರಾನೈಟಿನ ಬಣ್ಣ ಯಾವುದು ಎಂಬ ಮಾತು ಬರುವ ಮುಂಚೆಯೇ ಎದ್ದು ನಿಂತು ಮೂರು ಕೆಲಸ ಕೇಳಿಕೊಳ್ಳಿ. ಹಾರೆ ಹಾಕುವ ಮೊದಲು ಪ್ರತಿ ಪರಸಿಯ ಹೆಸರನ್ನು ಒಂದು ವಹಿಗೆ ಬರೆಸಿ, ಅದರ ಪ್ರತಿಯನ್ನು ಗ್ರಾಮ ಪಂಚಾಯಿತಿಯಲ್ಲೂ ಶಾಲೆಯಲ್ಲೂ ಇಡಬೇಕು. ಕಿತ್ತ ಕಲ್ಲುಗಳನ್ನು ಆಯಾ ಮನೆಯವರಿಗೆ ಹೇಳಿ ಕಳಿಸಿ ಒಪ್ಪಿಸಬೇಕು. ವಾರಸುದಾರರು ಇಲ್ಲದ ಕಲ್ಲುಗಳನ್ನು ಪ್ರಾಕಾರದ ಗೋಡೆಗೆ ಅಕ್ಷರ ಹೊರಮುಖವಾಗಿ ಕೂಡಿಸಬೇಕು. ಇದಕ್ಕೆ ಆಗುವ ಖರ್ಚು ಹೊಸ ಬಾಗಿಲಿನ ಹಿತ್ತಾಳೆ ಪಟ್ಟಿಯ ಖರ್ಚಿಗಿಂತ ಕಡಿಮೆ.