ಹೊಸ ಫಾಂಟ್‌ಗೆ ಹಳೇ ಗಾಯ ಯಾಕೆ?

ಇವತ್ತಿನ ವಿಷಯ ಕೇಳೋದಕ್ಕಿಂತ ನೋಡೋದು ಜಾಸ್ತಿ. ಫೋನ್‌ನಲ್ಲಿ 'ಲೆ ಮಿಸರಾಬ್ಲ್' ಮ್ಯೂಸಿಕಲ್‌ನ ಪೋಸ್ಟರ್ ಹುಡುಕಿ, ಹೆಸರಿನ ಅಕ್ಷರಗಳನ್ನ ಝೂಮ್ ಮಾಡಿ. ಅಂಚು ಸವೆದಿದೆ, ಅಲ್ಲಲ್ಲಿ ಚಕ್ಕೆ ಎದ್ದಂತಿದೆ. ಆದರೆ ಆ ಸವೆತ ಬೇಕಂತಲೇ ಮಾಡಿದ್ದು.

ಆ ಫಾಂಟ್‌ನ ಹೆಸರು ಕ್ಯಾಸ್ಲಾನ್ ಆಂಟಿಕ್. 1890ರ ದಶಕದಲ್ಲಿ ಬರ್ನ್ ನಡಾಲ್ ಇದನ್ನು ವಿನ್ಯಾಸ ಮಾಡಿದರು. ಅಚ್ಚುಮೊಳೆ ಮಾಡಿ ಮಾರಿದ್ದು ಅಮೆರಿಕದ ಬಾರ್ನ್‌ಹಾರ್ಟ್ ಬ್ರದರ್ಸ್ ಅಂಡ್ ಸ್ಪಿಂಡ್ಲರ್ ಕಂಪನಿ. ಮೊದಲ ಹೆಸರು 'ಫಿಫ್ಟೀನ್ತ್ ಸೆಂಚುರಿ'. 1920ರ ದಶಕದಲ್ಲಿ ಹೆಸರು ಬದಲಾಯ್ತು. ಮಜಾ ಏನಂದ್ರೆ, 18ನೇ ಶತಮಾನದ ಇಂಗ್ಲೆಂಡಿನ ವಿಲಿಯಂ ಕ್ಯಾಸ್ಲಾನ್ ಕೆತ್ತಿದ ಅಕ್ಷರಗಳಿಗೂ ಇದಕ್ಕೂ ಸಂಬಂಧವೇ ಇಲ್ಲ!

ಈ ಸವೆತ ಎಲ್ಲಿಂದ ಬಂತು? ಹಿಂದೆ ಒಂದೇ ಲೋಹದ ಮೊಳೆಯನ್ನು ಸಾವಿರಾರು ಸಲ ಬಳಸುತ್ತಿದ್ದರು. ಅಂಚು ಮುರಿಯುತ್ತಿತ್ತು, ಮಸಿ ಹರಡುತ್ತಿತ್ತು. ಮುದ್ರಕರಿಗೆ ಅದು ತಲೆನೋವು. ನಮ್ಮ ಕಣ್ಣಿಗೆ ಈಗ ಅದೇ 'ಹಳೇದು, ಕೈಯಲ್ಲಿ ಮಾಡಿದ್ದು' ಅನ್ನೋ ಸುಳಿವು. 1991ರಲ್ಲಿ ಡಚ್ ವಿನ್ಯಾಸಕ ಎರಿಕ್ ವಾನ್ ಬ್ಲೋಕ್‌ಲಾಂಡ್ ಟೈಪ್‌ರೈಟರ್‌ನ ಕೊಳಕು ಅಕ್ಷರಗಳಿಂದ 'ಟ್ರಿಕ್ಸಿ' ಮಾಡಿದರು. 1993ರಲ್ಲಿ ಶುರುವಾದ 'ದಿ ಎಕ್ಸ್ ಫೈಲ್ಸ್' ಧಾರಾವಾಹಿಯ ಲೋಗೊದಲ್ಲಿ ಅದು ಕಾಣಿಸಿತು. ರಹಸ್ಯ ಕಡತದ ಭಾವನೆ ಅಕ್ಷರದಲ್ಲೇ ಬಂದುಬಿಟ್ಟಿತು.

ಬಳಸೋದು ಹೇಗೆ? ಇದು ಶೀರ್ಷಿಕೆಯ ಫಾಂಟ್. ಪೋಸ್ಟರ್, ಪುಸ್ತಕದ ಮುಖಪುಟ, ಕಾಫಿ ಪ್ಯಾಕೆಟ್, ಟೀ ಶರ್ಟ್‌ಗೆ ಸರಿ. ಚಿಕ್ಕ ಸೈಜಿನಲ್ಲಿ ಪ್ಯಾರಾಗಟ್ಟಲೆ ಹಾಕಿದರೆ ಗೀರೆಲ್ಲ ಕೊಳೆಯಂತೆ ಕಾಣುತ್ತೆ. ಇನ್ನೊಂದು, ಒಂದೇ ಪದದಲ್ಲಿ ಎರಡು 'ಕ' ಇದ್ದು ಎರಡರಲ್ಲೂ ಅದೇ ಜಾಗದಲ್ಲಿ ಅದೇ ಗೀರು ಇದ್ದರೆ ಗುಟ್ಟು ರಟ್ಟು. ಅದಕ್ಕೇ ಒಳ್ಳೆ ಫಾಂಟ್‌ಗಳಲ್ಲಿ ಒಂದೊಂದು ಅಕ್ಷರಕ್ಕೂ ಎರಡು ಮೂರು ರೂಪ ಇರುತ್ತೆ. ಓಪನ್‌ಟೈಪ್ ತಂತ್ರದಿಂದ ಅವು ತಾವಾಗೇ ಅದಲುಬದಲಾಗುತ್ತವೆ.

ಕನ್ನಡದಲ್ಲಿ ಇನ್ನೂ ಹುಷಾರಾಗಿರಬೇಕು. 'ದ' ಮತ್ತು 'ಧ' ನಡುವೆ ಇರೋದು ಕೆಳಗಿನ ಒಂದು ಪುಟ್ಟ ಸೀಳು. 'ಡ' ಮತ್ತು 'ಢ' ಕತೆಯೂ ಅದೇ. ಸವೆತದ ಎಫೆಕ್ಟ್ ಆ ಸೀಳನ್ನೇ ತಿಂದುಬಿಟ್ಟರೆ 'ಧನ ಸಹಾಯ' ಹೋಗಿ 'ದನ ಸಹಾಯ' ಆಗುತ್ತೆ! ಒತ್ತಕ್ಷರಗಳೂ ಚಿಕ್ಕವು, ಬೇಗ ಮುಚ್ಚಿಹೋಗುತ್ತವೆ. ಹಾಗಾಗಿ ಗೀರುಗಳನ್ನು ಅಕ್ಷರದ ದಪ್ಪ ಭಾಗದಲ್ಲಷ್ಟೇ ಇಡಿ. ಸೀಳು, ಒತ್ತು, ಸೊನ್ನೆ ಮುಟ್ಟಬೇಡಿ.

ಕೊನೇ ಮಾತು ದುಡ್ಡಿನದು. ಫ್ರೀ ಅಂತ ಸಿಗೋ ಇಂಥ ಫಾಂಟ್‌ಗಳಲ್ಲಿ ಹಲವು ಸ್ವಂತ ಬಳಕೆಗೆ ಮಾತ್ರ. ಅಂಗಡಿ ಲೋಗೊ ಮಾಡಿ ಕಾಸು ತಗೊಳ್ಳೋ ಮುಂಚೆ ಜೊತೆಗಿರೋ ಲೈಸೆನ್ಸ್ ಫೈಲ್ ತೆರೆದು ಓದಿ. ಆಮೇಲೆ ನಿಮ್ಮ ಡಿಸೈನನ್ನು ವಿಷಯ ಗೊತ್ತಿಲ್ಲದ ಒಬ್ಬರಿಗೆ ತೋರಿಸಿ, ಗಟ್ಟಿಯಾಗಿ ಓದಿಸಿ. ತಡವರಿಸದೆ ಓದಿದರೆ ಪ್ರಿಂಟ್‌ಗೆ ಕಳಿಸಿ.